ಕೋರ್ಟಿನಲ್ಲಿ ಗೆದ್ದು ಸಂಸತ್ತಿನಲ್ಲಿ ಸೋತ ಉದ್ಯಮ: ಡ್ರೀಮ್11 ಪ್ರಕರಣ

2025ರ ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್ ಆಡಲು ಯುಎಇಗೆ ಹೋದ ಭಾರತ ಕ್ರಿಕೆಟ್ ತಂಡದ ಜರ್ಸಿಯ ಮೇಲೆ ಪ್ರಾಯೋಜಕರ ಹೆಸರೇ ಇರಲಿಲ್ಲ. ಆ ಜಾಗವನ್ನು ಮೂರು ವರ್ಷಕ್ಕೆ 358 ಕೋಟಿ ರೂಪಾಯಿ ಕೊಟ್ಟು 2023ರಲ್ಲಿ ಹಿಡಿದಿದ್ದ ಫ್ಯಾಂಟಸಿ ಕ್ರೀಡೆಯ ಆ್ಯಪ್ (ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟುವ ಆಟ) ಡ್ರೀಮ್11, ಅವಧಿ ಮುಗಿಯುವ ಮೊದಲೇ ಹೊರಗೆ ಹೋಗಿತ್ತು. ಕಂಪನಿ ದಿವಾಳಿ ಎದ್ದಿರಲಿಲ್ಲ. ಯಾವ ಹೈಕೋರ್ಟೂ ಅದರ ಆಟವನ್ನು ಜೂಜು ಎಂದಿರಲಿಲ್ಲ. ಮುಖ್ಯ ತೀರ್ಪುಗಳೆಲ್ಲ ಅದರ ಪರವಾಗಿಯೇ ಬಂದಿದ್ದವು. ಆದರೂ ಆಗಸ್ಟ್ 20, 21, 22, ಈ ಮೂರು ದಿನಗಳಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಅದರ ಆದಾಯದ ಮೂಲವೇ ಬತ್ತಿತು.

ಕ್ರೀಡೆಯ ಸುತ್ತ ಉದ್ಯಮ ಕಟ್ಟುವವರಿಗೂ ಅದಕ್ಕೆ ನೀತಿ ರೂಪಿಸುವವರಿಗೂ ಈ ಪ್ರಕರಣದಲ್ಲಿ ಕಲಿಯಲು ಬೇಕಾದಷ್ಟಿದೆ. ನಮ್ಮ ವಾದ ಇಷ್ಟು: ಡ್ರೀಮ್11 ಹದಿನೇಳು ವರ್ಷ ನಡೆದದ್ದು ಕೋರ್ಟಿನ ವಿನಾಯಿತಿಯ ಮೇಲೆ. ಸರ್ಕಾರದ ಪರವಾನಗಿ ಅದಕ್ಕೆ ಒಮ್ಮೆಯೂ ಸಿಕ್ಕಿರಲಿಲ್ಲ. ಈ ಎರಡಕ್ಕೂ ಇರುವ ಅಂತರವನ್ನು ಹೂಡಿಕೆದಾರರು, ಕ್ರಿಕೆಟ್ ಮಂಡಳಿ, ಸ್ಪರ್ಧಿ ಕಂಪನಿಗಳು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಏನು ಮಾರುತ್ತಿದ್ದರು

2008ರಲ್ಲಿ ಹರ್ಷ್ ಜೈನ್ ಮತ್ತು ಭವಿತ್ ಶೇಠ್ ಮುಂಬೈಯಲ್ಲಿ ಕಂಪನಿ ಶುರು ಮಾಡಿದಾಗ ಆಟ ಉಚಿತವಾಗಿತ್ತು, ಇಡೀ ಟೂರ್ನಿಯ ಉದ್ದಕ್ಕೂ ಸಾಗುತ್ತಿತ್ತು. ದುಡ್ಡು ಹುಟ್ಟಲಿಲ್ಲ. 2012ರಲ್ಲಿ ಒಂದೊಂದು ಪಂದ್ಯಕ್ಕೆ ಒಂದೊಂದು ಸ್ಪರ್ಧೆ, ಪ್ರವೇಶಕ್ಕೆ ಶುಲ್ಕ ಎಂಬ ಮಾದರಿಗೆ ಬದಲಾದರು. ಆಡುವವರು ಮೈದಾನಕ್ಕಿಳಿಯಲಿರುವ ಎರಡೂ ತಂಡಗಳಿಂದ ಒಟ್ಟು 11 ಜನರನ್ನು 100 ಕ್ರೆಡಿಟ್‌ಗಳ (ಪ್ರತಿ ಆಟಗಾರನಿಗೆ ಆ್ಯಪ್ ಕಟ್ಟಿದ ಬೆಲೆ) ಮಿತಿಯೊಳಗೆ ಆರಿಸಬೇಕಿತ್ತು. ನಾಯಕನ ಅಂಕ ಎರಡು ಪಟ್ಟು, ಉಪನಾಯಕನದು ಒಂದೂವರೆ ಪಟ್ಟು. ಪಂದ್ಯ ಶುರುವಾಗುವ ಹೊತ್ತಿಗೆ ತಂಡಕ್ಕೆ ಬೀಗ. ಆಮೇಲೆ ಬದಲಾವಣೆ ಇಲ್ಲ. ಮೈದಾನದ ರನ್, ವಿಕೆಟ್, ಕ್ಯಾಚ್ ಎಲ್ಲ ಅಂಕವಾಗಿ ಕೂಡಿ, ಹೆಚ್ಚು ಅಂಕ ಪಡೆದವರಿಗೆ ಬಹುಮಾನ ಹೋಗುತ್ತಿತ್ತು.

ಈ ನಿಯಮಗಳು ಆಟದ ರುಚಿಗಾಗಿ ಮಾತ್ರ ಇದ್ದವಲ್ಲ, ಕಾನೂನಿಗೂ ಬೇಕಿದ್ದವು. ಎರಡೂ ತಂಡಗಳಿಂದ ಆರಿಸಲೇಬೇಕು ಎಂದರೆ ಯಾವ ತಂಡ ಗೆದ್ದರೂ ಅದು ಪಂದ್ಯದ ಫಲಿತಾಂಶದ ಮೇಲಿನ ಬಾಜಿ ಆಗುವುದಿಲ್ಲ. ಪಂದ್ಯಕ್ಕೆ ಮೊದಲೇ ಬೀಗ ಬೀಳುವುದರಿಂದ ಮುಂದಿನ ಎಸೆತಕ್ಕೆ, ಮುಂದಿನ ಓವರಿಗೆ ಹಣ ಕಟ್ಟಲು ಬರುವುದಿಲ್ಲ. ಕ್ರೆಡಿಟ್ ಮಿತಿ ಇರುವುದರಿಂದ ತಾರೆಯರನ್ನೇ ತುಂಬಿಕೊಳ್ಳಲಾಗದು. ಯಾರನ್ನು ಬಿಡಬೇಕೆಂದು ಕೂತು ಯೋಚಿಸಬೇಕು. ವಕೀಲರು ಕೋರ್ಟಿನಲ್ಲಿ ಎತ್ತಿ ತೋರಿಸಿದ್ದು ಇಂಥ ಅಂಶಗಳನ್ನೇ.

ಕೌಶಲ ಎಂಬ ಬಾಗಿಲು

1867ರ ಸಾರ್ವಜನಿಕ ಜೂಜು ಕಾಯ್ದೆಯ 12ನೇ ಸೆಕ್ಷನ್ ಕೇವಲ ಕೌಶಲದ ಆಟಗಳನ್ನು ಹೊರಗಿಟ್ಟಿದೆ. ಸುಪ್ರೀಂ ಕೋರ್ಟ್ 1957ರ ಚಮರ್‌ಬಾಗ್‌ವಾಲಾ ಪ್ರಕರಣದಲ್ಲಿ ಕೌಶಲ ಗಣನೀಯವಾಗಿರುವ ಸ್ಪರ್ಧೆ ಜೂಜಲ್ಲ ಎಂದಿತು. 1968ರಲ್ಲಿ ರಮ್ಮಿಯನ್ನು, 1996ರಲ್ಲಿ ಕುದುರೆ ರೇಸನ್ನು ಕೌಶಲದ ಕಡೆಗೆ ಸೇರಿಸಿತು. 2017ರ ಏಪ್ರಿಲ್ 18ರಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಡ್ರೀಮ್11 ಕೌಶಲದ ಆಟವೇ ಎಂದು ತೀರ್ಪು ಕೊಟ್ಟಿತು. ಅದರ ವಿರುದ್ಧದ ವಿಶೇಷ ಅನುಮತಿ ಅರ್ಜಿಯನ್ನು (ಮೇಲ್ಮನವಿಗೆ ಅವಕಾಶ ಕೇಳುವ ಅರ್ಜಿ) ಅದೇ ವರ್ಷ ಸುಪ್ರೀಂ ಕೋರ್ಟ್ ವಜಾ ಮಾಡಿತು.

ಇಲ್ಲಿ ಒಂದು ಎಡವಟ್ಟಾಯಿತು. ವಿಶೇಷ ಅನುಮತಿ ಅರ್ಜಿ ಆರಂಭದ ಹಂತದಲ್ಲೇ ವಜಾ ಆದರೆ, ಕೆಳಗಿನ ತೀರ್ಪಿನ ಕಾನೂನು ಸರಿ ಎಂದು ಸುಪ್ರೀಂ ಕೋರ್ಟ್ ಮುದ್ರೆ ಒತ್ತಿದಂತೆ ಆಗುವುದಿಲ್ಲ. ಎರಡನೇ ವರ್ಷದ ಕಾನೂನು ವಿದ್ಯಾರ್ಥಿಗೂ ಗೊತ್ತಿರುವ ವಿಷಯ ಇದು. ಆದರೂ ಮಾರುಕಟ್ಟೆ ಅದನ್ನು ಅಂತಿಮ ಮಾತು ಎಂದೇ ಓದಿಕೊಂಡಿತು. 2018ರಲ್ಲಿ ಚೀನಾದ ಟೆನ್ಸೆಂಟ್ ಕಂಪನಿ ಹಣ ಹಾಕಿತು, ಧೋನಿ ಪ್ರಚಾರ ರಾಯಭಾರಿಯಾದರು. 2019ರಲ್ಲಿ ಕಂಪನಿಯ ಬೆಲೆ ನೂರು ಕೋಟಿ ಡಾಲರ್ ದಾಟಿತು. ವಿವೊ ಹಿಂದೆ ಸರಿದ ಮೇಲೆ 2020ರ ಐಪಿಎಲ್‌ನ ಶೀರ್ಷಿಕೆ ಪ್ರಾಯೋಜಕತ್ವ 222 ಕೋಟಿ ರೂಪಾಯಿಗೆ ಡ್ರೀಮ್11 ಪಾಲಾಯಿತು.

ಆ ಹೊತ್ತಿಗೂ ಅಸ್ಸಾಂ, ಒಡಿಶಾ, ತೆಲಂಗಾಣ, ಆಂಧ್ರದಂಥ ರಾಜ್ಯಗಳಲ್ಲಿ ಹಣದ ಸ್ಪರ್ಧೆಗೆ ಅವಕಾಶ ಇರಲಿಲ್ಲ. ಬಾಜಿ ಮತ್ತು ಜೂಜು ಸಂವಿಧಾನದ ರಾಜ್ಯ ಪಟ್ಟಿಯ (ರಾಜ್ಯಗಳು ಕಾನೂನು ಮಾಡುವ ವಿಷಯಗಳ ಪಟ್ಟಿ) 34ನೇ ನಮೂದು. ಹಾಗಾಗಿ ಒಂದೇ ಆ್ಯಪ್ ಹೊಸೂರಿನಲ್ಲಿ ಒಂದು ಕಾನೂನಿಗೆ, ಅತ್ತಿಬೆಲೆಯಲ್ಲಿ ಇನ್ನೊಂದಕ್ಕೆ ಒಳಪಡುತ್ತಿತ್ತು. ಕಂಪನಿಗಳು ಬಳಕೆದಾರರಿಂದ ರಾಜ್ಯದ ಹೆಸರು ಬರೆಸಿಕೊಂಡು, ಫೋನಿನ ಲೊಕೇಶನ್ ನೋಡಿ ತಡೆಯುತ್ತಿದ್ದವು. ಇದು ಎಷ್ಟು ಗಟ್ಟಿಯಾದ ಬೇಲಿ ಎನ್ನುವುದು ಗಡಿ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಕರ್ನಾಟಕ 2021: ಪೊಲೀಸ್ ಕಾಯ್ದೆಯ ದಾರಿ

ಆನ್‌ಲೈನ್ ಜೂಜಿನ ವಿರುದ್ಧ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ನಡೆಯುತ್ತಿದ್ದ ಹೊತ್ತಿನಲ್ಲಿ, ರಾಜ್ಯ ಸರ್ಕಾರ 1963ರ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಮಸೂದೆಗೆ ಸೆಪ್ಟೆಂಬರ್‌ನಲ್ಲಿ ಸದನದ ಒಪ್ಪಿಗೆ; 2021ರ ಅಕ್ಟೋಬರ್ 5ರಿಂದ ಜಾರಿ. ಹಣ, ಟೋಕನ್, ವರ್ಚುವಲ್ ಕರೆನ್ಸಿ ಯಾವ ರೂಪದಲ್ಲೇ ಪಣ ಕಟ್ಟಿದರೂ, ಕೌಶಲದ ಆಟವೇ ಆದರೂ ಅಪರಾಧ. ಶಿಕ್ಷೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಜಾಮೀನು ರಹಿತ. ಲಾಟರಿ ಮತ್ತು ಕುದುರೆ ರೇಸಿನ ಬಾಜಿ ಮಾತ್ರ ಹೊರಗೆ. ರೇಸ್ ಕೋರ್ಸ್ ರಸ್ತೆಯಲ್ಲಿ ಕೂತು ಕುದುರೆಯ ಮೇಲೆ ದುಡ್ಡು ಕಟ್ಟಬಹುದು, ಅದೇ ರಸ್ತೆಯಲ್ಲಿ ಫೋನು ಹಿಡಿದು ರಾಹುಲ್‌ನನ್ನು ನಾಯಕನನ್ನಾಗಿ ಆರಿಸಿ 49 ರೂಪಾಯಿ ಕಟ್ಟಿದರೆ ಕೇಸು. ಇದಕ್ಕೆ ಸರ್ಕಾರದ ಬಳಿ ಒಪ್ಪುವಂಥ ಉತ್ತರ ಇರಲಿಲ್ಲ.

ಜಾರಿಯಾದ ವಾರದೊಳಗೆ ಬೆಂಗಳೂರಿನ ಅನ್ನಪೂರ್ಣೇಶ್ವರಿನಗರ ಠಾಣೆಯಲ್ಲಿ ಕಂಪನಿಯ ಸ್ಥಾಪಕರ ಮೇಲೆ ಎಫ್‌ಐಆರ್ ದಾಖಲಾಯಿತು. ಅಕ್ಟೋಬರ್ 10ರಂದು ಡ್ರೀಮ್11 ಕರ್ನಾಟಕದಲ್ಲಿ ಸೇವೆ ನಿಲ್ಲಿಸಿತು. ವಿಚಿತ್ರವೆಂದರೆ ಮುಂದಿನ ತಿಂಗಳೇ ಮಾತೃಸಂಸ್ಥೆ ಡ್ರೀಮ್ ಸ್ಪೋರ್ಟ್ಸ್ 84 ಕೋಟಿ ಡಾಲರ್ ಹೂಡಿಕೆ ಎತ್ತಿತು. ಮೌಲ್ಯ 800 ಕೋಟಿ ಡಾಲರ್ ಎಂದು ಕಟ್ಟಲಾಯಿತು. ದೇಶದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು ಮುಚ್ಚಿದ್ದರೂ ಹೂಡಿಕೆದಾರರು ಅಳುಕಲಿಲ್ಲ, ಏಕೆಂದರೆ ಕೋರ್ಟಿನಲ್ಲಿ ಗೆಲುವು ಖಚಿತ ಎಂದು ಅವರು ಎಣಿಸಿದ್ದರು.

ಆ ಎಣಿಕೆ ಹುಸಿಯಾಗಲಿಲ್ಲ. 2022ರ ಫೆಬ್ರುವರಿ 14ರಂದು ಮುಖ್ಯ ನ್ಯಾಯಮೂರ್ತಿ ರಿತು ರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ತಿದ್ದುಪಡಿಯ ಮುಖ್ಯ ಸೆಕ್ಷನ್‌ಗಳನ್ನು ರದ್ದು ಮಾಡಿತು. ಕೌಶಲದ ಆಟ 34ನೇ ನಮೂದಿನ ಬಾಜಿ ಮತ್ತು ಜೂಜಿನೊಳಗೆ ಬರುವುದಿಲ್ಲ. ಅದು ವೃತ್ತಿ, ವ್ಯಾಪಾರದ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಜಿ) ವಿಧಿಯ ರಕ್ಷಣೆ ಇರುವ ವ್ಯವಹಾರ. ನಿಯಂತ್ರಣಕ್ಕೆ ಪ್ರಯತ್ನಿಸದೆ ಪೂರ್ತಿ ನಿಷೇಧಿಸುವುದು ಅತಿಯಾಯಿತು ಎಂಬುದು ತೀರ್ಪಿನ ತಿರುಳು. ಸಂವಿಧಾನಕ್ಕೆ ಅನುಗುಣವಾಗಿ ಬಾಜಿ ಮತ್ತು ಜೂಜಿನ ಬಗ್ಗೆ ಸೂಕ್ತ ಶಾಸನ ತರಲು ತೀರ್ಪು ಅಡ್ಡಿಯಲ್ಲ ಎಂಬ ಸಾಲೂ ಅದರಲ್ಲಿತ್ತು. ತಮಿಳುನಾಡಿನ ಇಂಥದೇ ಕಾನೂನನ್ನು ಮದ್ರಾಸ್ ಹೈಕೋರ್ಟ್ 2021ರ ಆಗಸ್ಟ್‌ನಲ್ಲೇ ರದ್ದು ಮಾಡಿತ್ತು.

ಕಂಪನಿಗಳು ಸಂಭ್ರಮಿಸಿದ ಈ ಗೆಲುವಿನೊಳಗೇ ಮುಂದಿನ ಸೋಲಿನ ಬೀಜ ಇತ್ತು ಎಂದು ನಮಗೆ ಅನಿಸುತ್ತದೆ. ಕೌಶಲದ ಆಟ ರಾಜ್ಯ ಪಟ್ಟಿಯ ಜೂಜು ಅಲ್ಲ ಎಂದ ಮೇಲೆ ಅದರ ಮೇಲೆ ಕಾನೂನು ಮಾಡುವ ಅಧಿಕಾರ ಯಾರದು? ಸಂಪರ್ಕ ಮಾಧ್ಯಮ, ಅಂತರರಾಜ್ಯ ವ್ಯಾಪಾರ, ಉಳಿಕೆ ಅಧಿಕಾರ (ಬೇರೆಲ್ಲೂ ಹೆಸರಿಸದ ವಿಷಯಗಳ ಮೇಲಿನ ಅಧಿಕಾರ), ಎಲ್ಲವೂ ಕೇಂದ್ರ ಪಟ್ಟಿಯಲ್ಲಿವೆ. ರಾಜ್ಯವನ್ನು ಹೊರಗೆ ಹಾಕಲು ಕಟ್ಟಿದ ವಾದ ಕೇಂದ್ರಕ್ಕೆ ಬಾಗಿಲು ತೆರೆದುಕೊಟ್ಟಿತು.

ತೆರಿಗೆಯ ಲೆಕ್ಕ

ಪೊಲೀಸಿಗಿಂತ ದೊಡ್ಡ ಪೆಟ್ಟು ಕೊಟ್ಟಿದ್ದು ಜಿಎಸ್‌ಟಿ. ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡದೆ ಈ ಜಗಳ ಅರ್ಥವಾಗುವುದಿಲ್ಲ. ಉದಾಹರಣೆಗೆ ಒಂದು ಸ್ಪರ್ಧೆ: 100 ಜನ, ತಲಾ 50 ರೂಪಾಯಿ. ಒಟ್ಟು 5,000. ಕಂಪನಿ ಶೇ 15 ಇಟ್ಟುಕೊಂಡರೆ ಅದರ ಪಾಲು 750, ಬಹುಮಾನದ ಮೊತ್ತ 4,250.

ಹಳೆಯ ಪದ್ಧತಿಯಲ್ಲಿ ಕಂಪನಿಗಳು ತಮ್ಮ ಶುಲ್ಕದ ಮೇಲೆ ಮಾತ್ರ ಶೇ 18 ಕಟ್ಟುತ್ತಿದ್ದವು. ತೆರಿಗೆ ಸೇರಿದ 750ರಲ್ಲಿ ಅದು ಸುಮಾರು 114 ರೂಪಾಯಿ. 2023ರ ಜುಲೈ 11ರಂದು ಜಿಎಸ್‌ಟಿ ಮಂಡಳಿಯ 50ನೇ ಸಭೆ ಪೂರ್ತಿ ಮುಖಬೆಲೆಯ (ಆಟಗಾರ ಕಟ್ಟಿದ ಇಡೀ ಮೊತ್ತ) ಮೇಲೆ ಶೇ 28 ಎಂದು ತೀರ್ಮಾನಿಸಿತು. ಆಗಸ್ಟ್ 2ರ ಸಭೆ ಸ್ವಲ್ಪ ಸಡಿಲಿಸಿ, ಆಟಗಾರ ಹೊಸದಾಗಿ ಹಾಕಿದ ಠೇವಣಿಗೆ ಮಾತ್ರ ತೆರಿಗೆ, ಗೆದ್ದ ಹಣವನ್ನು ಮತ್ತೆ ಹಾಕಿ ಆಡಿದರೆ ಇಲ್ಲ ಎಂದಿತು. ಅಕ್ಟೋಬರ್ 1ರಿಂದ ಜಾರಿ. ಆಗ 5,000 ರೂಪಾಯಿ ಠೇವಣಿಯ ಒಳಗಿನ ತೆರಿಗೆ 1,093 ರೂಪಾಯಿ 75 ಪೈಸೆ. ಕಂಪನಿಯ ಪಾಲು 750.

ಅಂದರೆ ಒಂದೇ ಸುತ್ತಿನಲ್ಲಿ ತೆರಿಗೆಯೇ ಗಳಿಕೆಯನ್ನು ಮೀರುತ್ತದೆ. ಆಟಗಾರ ಗೆದ್ದ ಹಣ ತೆಗೆಯದೆ ಮತ್ತೆ ಆಡಿದರೆ ಎರಡನೇ ಸುತ್ತಿನಲ್ಲಿ ಕಂಪನಿಗೆ 4,250ರ ಶೇ 15, ಸುಮಾರು 637 ಸಿಗುತ್ತದೆ. ಎರಡೂ ಸೇರಿ 1,387. ಆಗ ತೆರಿಗೆ ಕಳೆದು ಚೂರುಪಾರು ಉಳಿಯುತ್ತದೆ, ಅದರಲ್ಲೇ ಜಾಹೀರಾತು, ಸಂಬಳ, ಪಾವತಿ ಗೇಟ್‌ವೇ ಶುಲ್ಕ ಎಲ್ಲ ತೂಗಬೇಕು. ಈ ಲೆಕ್ಕದ ಫಲ ಏನಾಯಿತು ನೋಡಿ: ಆಟಗಾರ ಹಣ ಹಿಂತೆಗೆಯದೆ ಸುತ್ತಿ ಸುತ್ತಿ ಆಡಿದಷ್ಟೂ ಕಂಪನಿಗೆ ಲಾಭ. ಚಟ ಕಡಿಮೆ ಮಾಡಬೇಕೆಂದು ಹೊರಟ ನೀತಿ, ಹೆಚ್ಚು ಆಡಿಸುವ ಕಂಪನಿಗೇ ಅನುಕೂಲ ಮಾಡಿಕೊಟ್ಟಿತು. ಠೇವಣಿಯಲ್ಲಿ ಕಡಿತವಾದ ತೆರಿಗೆಯನ್ನು ಬೋನಸ್ ರೂಪದಲ್ಲಿ ತುಂಬಿಕೊಡುವಷ್ಟು ದುಡ್ಡಿದ್ದ ದೊಡ್ಡ ಕಂಪನಿಗಳು ಉಳಿದವು, ಸಣ್ಣವು ಕೈಚೆಲ್ಲಿದವು. ಬೆಂಗಳೂರಿನ ಗೇಮಿಂಗ್ ಕಂಪನಿ ಎಂಪಿಎಲ್ ಆಗಸ್ಟ್‌ನಲ್ಲೇ ಸುಮಾರು 350 ಜನರನ್ನು ಕೆಲಸದಿಂದ ತೆಗೆಯಿತು. ಇದರ ಜೊತೆಗೆ ಅದೇ ವರ್ಷದ ಏಪ್ರಿಲ್‌ನಿಂದ ಆಟಗಾರರ ನಿವ್ವಳ ಗೆಲುವಿನ ಮೇಲೆ ಶೇ 30 ಟಿಡಿಎಸ್ ಬೇರೆ ಬಂದಿತ್ತು.

ಹಿಂದಿನ ವರ್ಷಗಳ ಲೆಕ್ಕ ಇನ್ನೂ ಘೋರ. 2023ರ ತಿದ್ದುಪಡಿ ಹೊಸ ತೆರಿಗೆಯಲ್ಲ, ಮೊದಲಿನಿಂದಲೂ ಇದ್ದದ್ದರ ಸ್ಪಷ್ಟೀಕರಣ ಎಂಬುದು ಇಲಾಖೆಯ ನಿಲುವು. ಹಳೆಯ ಅವಧಿಗೆ ಠೇವಣಿಯ ರಿಯಾಯಿತಿ ಇಲ್ಲ. ಪ್ರತಿ ಸುತ್ತಿನ ಪೂರ್ತಿ ಪಣಕ್ಕೂ ಶೇ 28. ಅದೇ ರೂಪಾಯಿ ಹತ್ತು ಸಲ ತಿರುಗಿದರೆ ಹತ್ತು ಸಲ ತೆರಿಗೆ. ಬೆಂಗಳೂರಿನ ಗೇಮಿಂಗ್ ಕಂಪನಿ ಗೇಮ್ಸ್‌ಕ್ರಾಫ್ಟ್‌ಗೆ 2022ರ ಸೆಪ್ಟೆಂಬರ್‌ನಲ್ಲಿ ಬಂದ ನೋಟಿಸಿನ ಮೊತ್ತ 20,989 ಕೋಟಿ ರೂಪಾಯಿ ಆದದ್ದು ಹೀಗೆ. 2023ರ ಮೇ 11ರಂದು ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಆನ್‌ಲೈನ್ ಗೇಮಿಂಗ್ ಕಂಪನಿಗಳಿಗೆ 71 ನೋಟಿಸು, ಒಟ್ಟು 1.12 ಲಕ್ಷ ಕೋಟಿ ರೂಪಾಯಿ ಎಂದು ಸರ್ಕಾರ ಆ ಡಿಸೆಂಬರ್‌ನಲ್ಲಿ ರಾಜ್ಯಸಭೆಗೆ ತಿಳಿಸಿತು. ಆದಾಯಕ್ಕಿಂತ ಹಲವು ಪಟ್ಟು ದೊಡ್ಡ ಬಾಕಿ.

ಇದರ ಸುಳಿವು ಮೊದಲೇ ಇರಲಿಲ್ಲವೇ? ಇತ್ತು. ಶುಲ್ಕದ ಮೇಲೆ ಮಾತ್ರ ತೆರಿಗೆ ಎಂದು 2019ರಲ್ಲಿ ಡ್ರೀಮ್11 ಪರ ಬಾಂಬೆ ಹೈಕೋರ್ಟ್ ಕೊಟ್ಟ ತೀರ್ಪಿಗೆ 2020ರ ಮಾರ್ಚ್‌ನಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತ್ತು. ಐಪಿಎಲ್ ಶೀರ್ಷಿಕೆ ಕೊಂಡದ್ದು ಅದಾದ ಐದು ತಿಂಗಳಿಗೆ.

ಯಾವ ಇಲಾಖೆಯ ಕೂಸು?

ಗೃಹ ಇಲಾಖೆಗೆ ಇದು ಜೂಜು, ಹಣಕಾಸು ಇಲಾಖೆಗೆ ತೆರಿಗೆಯ ವಸ್ತು, 2022ರ ಡಿಸೆಂಬರ್‌ನಿಂದ ಇದರ ಮುಖ್ಯ ಹೊಣೆ ಹೊತ್ತ ಐಟಿ ಸಚಿವಾಲಯಕ್ಕೆ ಇಂಟರ್ನೆಟ್ ಸೇವೆ. ಕ್ರೀಡಾ ಸಚಿವಾಲಯ ಇ-ಸ್ಪೋರ್ಟ್ಸ್ (ವಿಡಿಯೊ ಗೇಮ್ ಪಂದ್ಯಾವಳಿ) ಮಾತ್ರ ಇಟ್ಟುಕೊಂಡು ಉಳಿದದ್ದರಿಂದ ದೂರ ಸರಿಯಿತು. ಫ್ಯಾಂಟಸಿ ಕ್ರೀಡೆಗೆ ಏಕರೂಪದ ರಾಷ್ಟ್ರೀಯ ನಿಯಂತ್ರಣ ಬೇಕೆಂದು ನೀತಿ ಆಯೋಗ 2020ರ ಡಿಸೆಂಬರ್‌ನಲ್ಲಿ ಕರಡು ಮಾರ್ಗಸೂತ್ರ ಹೊರಡಿಸಿತ್ತು. ಅದು ಕರಡಾಗಿಯೇ ಉಳಿಯಿತು. 2023ರ ಏಪ್ರಿಲ್ 6ರ ಐಟಿ ನಿಯಮಗಳು ಸ್ವನಿಯಂತ್ರಣ ಸಂಸ್ಥೆಗಳ ಮೂಲಕ ಆಟಗಳಿಗೆ ಅನುಮೋದನೆ ಕೊಡಿಸುವ ದಾರಿ ತೋರಿಸಿದವು. ಅಂಥ ಒಂದೇ ಒಂದು ಸಂಸ್ಥೆಗೂ ಮಾನ್ಯತೆ ಸಿಗಲಿಲ್ಲ. ಬಂದ ಪ್ರಸ್ತಾವಗಳ ಹಿಂದೆ ಉದ್ಯಮದವರೇ ಇದ್ದರು, ಹೀಗಾಗಿ ನಂಬಿಕೆ ಹುಟ್ಟಲಿಲ್ಲ.

ಉದ್ಯಮದ ತಪ್ಪೂ ಇಲ್ಲೇ ಇದೆ. ಜಾಹೀರಾತು ಮಾನದಂಡ ಮಂಡಳಿಯ ನಿಯಮದಿಂದಾಗಿ 2020ರ ಡಿಸೆಂಬರ್‌ನಿಂದ ‘ಆರ್ಥಿಕ ಅಪಾಯವಿದೆ, ಚಟವಾಗಬಹುದು’ ಎಂಬ ಎಚ್ಚರಿಕೆ ಜಾಹೀರಾತಿನಲ್ಲಿ ಬಂತು, ನಿಜ. ಟಿವಿಯಲ್ಲಿ ಅದನ್ನು ಓದಿದ ವೇಗ ಎಲ್ಲರೂ ಕೇಳಿದ್ದಾರೆ. ತಿಂಗಳಿಗೆ ಒಬ್ಬ ಇಷ್ಟೇ ಹಾಕಬಹುದು ಎಂಬ ಕಟ್ಟುನಿಟ್ಟಿನ ಮಿತಿ, ಎಲ್ಲ ಆ್ಯಪ್‌ಗಳಿಗೂ ಒಟ್ಟಿಗೆ ಅನ್ವಯಿಸುವ ಸ್ವಯಂ ನಿರ್ಬಂಧದ ಪಟ್ಟಿ, ಯಾರಿಗೆ ಎಷ್ಟು ನಷ್ಟ ಎಂಬ ಅಂಕಿಅಂಶದ ಪ್ರಕಟಣೆ, ಈ ಮೂರನ್ನು ಉದ್ಯಮ ಒಟ್ಟಾಗಿ ತಾನೇ ಜಾರಿಗೆ ತಂದಿದ್ದರೆ 2025ರಲ್ಲಿ ಸಂಸತ್ತಿನ ಮುಂದೆ ತೋರಿಸಲು ಏನಾದರೂ ಇರುತ್ತಿತ್ತು.

ಮೂರು ದಿನ

ಆಗಸ್ಟ್ 20ರಂದು ಸಚಿವ ಅಶ್ವಿನಿ ವೈಷ್ಣವ್ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆ ಮಂಡಿಸಿದರು. ಅದೇ ದಿನ ಲೋಕಸಭೆಯ ಒಪ್ಪಿಗೆ. 21ಕ್ಕೆ ರಾಜ್ಯಸಭೆ. 22ಕ್ಕೆ ರಾಷ್ಟ್ರಪತಿಯ ಅಂಕಿತ. ಸುಮಾರು 45 ಕೋಟಿ ಜನ ವರ್ಷಕ್ಕೆ 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬುದು ಸರ್ಕಾರದ ಅಂದಾಜು.

ಕಾಯ್ದೆಯ ಜಾಣತನ ಅದರ ವ್ಯಾಖ್ಯೆಯಲ್ಲಿದೆ. ಕೌಶಲವೋ ಅದೃಷ್ಟವೋ ಎರಡೂ ಸೇರಿದ್ದೋ, ಹಣ ಕಟ್ಟಿ ಹಣ ನಿರೀಕ್ಷಿಸುವ ಆನ್‌ಲೈನ್ ಆಟವಾದರೆ ನಿಷೇಧ. ಎಪ್ಪತ್ತು ವರ್ಷಗಳ ತೀರ್ಪುಗಳು ಉತ್ತರಿಸಿದ್ದ ಪ್ರಶ್ನೆಯನ್ನೇ ಶಾಸನ ಕೇಳುವುದನ್ನು ಬಿಟ್ಟಿತು. ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತಿಗೆ ಎರಡು ವರ್ಷ, 50 ಲಕ್ಷ. ಹಣ ಸಾಗಿಸುವ ಬ್ಯಾಂಕು, ಗೇಟ್‌ವೇಗಳಿಗೂ ನಡೆಸುವವರಷ್ಟೇ ಶಿಕ್ಷೆ. ಆಡುವವರಿಗೆ ಶಿಕ್ಷೆಯಿಲ್ಲ.

ಕಾಯ್ದೆ ಯಾವ ದಿನದಿಂದ ಜಾರಿ ಎಂಬ ಅಧಿಸೂಚನೆ ಅಂಕಿತ ಬಿದ್ದ ದಿನ ಇನ್ನೂ ಬಂದಿರಲಿಲ್ಲ. ಆದರೂ ಡ್ರೀಮ್11 ಅಂದೇ ಹಣದ ಸ್ಪರ್ಧೆ ನಿಲ್ಲಿಸಿತು. ಕಾರಣ ಊಹಿಸಲು ಕಷ್ಟವಿಲ್ಲ: ಪಾವತಿ ಮಾಡಿಸುವವರು, ಜಾಹೀರಾತು ತೋರಿಸುವವರು ಹಿಂದೆ ಸರಿದರೆ ಆ್ಯಪ್ ಇದ್ದೂ ಇಲ್ಲದಂತೆ. 2021ರ ಕರ್ನಾಟಕದ ಕಾನೂನು ಹಿಡಿದದ್ದು ಸ್ಥಾಪಕರನ್ನು. ಈ ಕಾನೂನು ಹಣದ ಕೊಳವೆಯನ್ನೇ ಹಿಡಿಯಿತು. ಜಾರಿಯ ದೃಷ್ಟಿಯಿಂದ ಎರಡನೆಯದು ಬಹಳ ಪರಿಣಾಮಕಾರಿ. ಆದರೆ ಅದು ಮುಚ್ಚುವುದು ಪ್ಯಾನ್, ಆಧಾರ್ ಕೇಳಿ ತೆರಿಗೆ ಕಟ್ಟುತ್ತಿದ್ದ ದೇಶೀ ಕಂಪನಿಗಳನ್ನು ಮೊದಲು. ವಿದೇಶದ ಸರ್ವರ್‌ನಿಂದ, ಬಾಡಿಗೆ ಬ್ಯಾಂಕ್ ಖಾತೆಗಳಿಂದ ನಡೆಯುವ ಬೆಟ್ಟಿಂಗ್ ತಾಣಗಳು ಹೆಸರು ಬದಲಿಸಿಕೊಂಡು ಟೆಲಿಗ್ರಾಮ್‌ನಲ್ಲಿ ಮತ್ತೆ ತಲೆ ಎತ್ತುತ್ತವೆ.

ಇದಾಗಿ ಎರಡು ವಾರಕ್ಕೆ, ಸೆಪ್ಟೆಂಬರ್ 3ರಂದು, ಜಿಎಸ್‌ಟಿ ಮಂಡಳಿ ಶೇ 40ರ ಪಟ್ಟಿಗೆ ಆನ್‌ಲೈನ್ ಹಣದ ಆಟವನ್ನೂ ಸೇರಿಸಿತು. ನಿಷೇಧಿಸಿದ್ದಕ್ಕೆ ತೆರಿಗೆ ಏರಿಸುವುದು ಇಲಾಖೆಗಳು ಪರಸ್ಪರ ಮಾತಾಡಿಕೊಳ್ಳದ್ದಕ್ಕೆ ಸಾಕ್ಷಿಯೋ, ಕಾಯ್ದೆ ಕೋರ್ಟಿನಲ್ಲಿ ಬಿದ್ದರೆ ಇರಲಿ ಎಂಬ ಮುಂಜಾಗ್ರತೆಯೋ, ಓದುಗರೇ ಊಹಿಸಬಹುದು. ಕಾಯ್ದೆಯನ್ನು ಮೊದಲು ಪ್ರಶ್ನಿಸಿದ್ದು ಎ23 ರಮ್ಮಿಯ ಕಂಪನಿ, ಅದೂ ಕರ್ನಾಟಕ ಹೈಕೋರ್ಟಿನಲ್ಲಿ. ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ಎಲ್ಲ ಅರ್ಜಿಗಳನ್ನೂ ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ಕ್ರೀಡೆಗೆ ಬಿದ್ದ ಪೆಟ್ಟು ಎಷ್ಟು?

ಉದ್ಯಮ ಹೆದರಿಸಿದಷ್ಟು ಕ್ರಿಕೆಟ್‌ಗೆ ಆಗಲಿಲ್ಲ. ಬಿಸಿಸಿಐ ಹೊಸ ಟೆಂಡರ್‌ನಲ್ಲಿ ಹಣದ ಆಟ, ಬೆಟ್ಟಿಂಗ್, ಕ್ರಿಪ್ಟೊ, ತಂಬಾಕು ಕಂಪನಿಗಳನ್ನು ಹೊರಗಿಟ್ಟಿತು. ಆದರೂ ಅಪೊಲೊ ಟೈರ್ಸ್ 2028ರ ಮಾರ್ಚ್‌ವರೆಗೆ 579 ಕೋಟಿ ರೂಪಾಯಿಗೆ ಜರ್ಸಿ ಹಿಡಿಯಿತು. ವರ್ಷದ ಲೆಕ್ಕದಲ್ಲಿ ಡ್ರೀಮ್11 ಕೊಡುತ್ತಿದ್ದುದಕ್ಕಿಂತ ಹೆಚ್ಚು.

ಪೆಟ್ಟು ಬೀಳುವುದು ಕೆಳಗೆ. ಫ್ಯಾಂಟಸಿ ಆಟಕ್ಕೆ ಪ್ರತಿದಿನ ಪಂದ್ಯ ಬೇಕು. ಆ ಕಾರಣಕ್ಕೆ ಯಾರೂ ನೋಡದ ಸಣ್ಣ ಟಿ20 ಲೀಗ್‌ಗಳಿಗೂ, ಕಬಡ್ಡಿ, ಫುಟ್‌ಬಾಲ್, ಮಹಿಳಾ ಪಂದ್ಯಗಳಿಗೂ ಸ್ಕೋರ್ ದತ್ತಾಂಶ, ನೇರ ಪ್ರಸಾರ, ಒಂದಿಷ್ಟು ಪ್ರಾಯೋಜಕತ್ವ ಸಿಗುತ್ತಿತ್ತು. ಟೈರ್ ಕಂಪನಿಗೆ ಅಂಥ ಪಂದ್ಯದ ಅಗತ್ಯ ಇಲ್ಲ. ಅದೇ ಅಧಿವೇಶನದಲ್ಲಿ ಅಂಗೀಕಾರವಾದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಒಕ್ಕೂಟಗಳ ಚುನಾವಣೆ, ಕ್ರೀಡಾ ಮಂಡಳಿ, ನ್ಯಾಯಮಂಡಳಿಗಳ ಬಗ್ಗೆ ಮಾತಾಡುತ್ತದೆ. ಸಣ್ಣ ಲೀಗ್‌ಗಳಿಗೆ ಹಣ ಎಲ್ಲಿಂದ ಎಂಬುದು ಅದರ ವಿಷಯವಲ್ಲ.

ಇಂಥ ಉದ್ಯಮಕ್ಕೆ ಕೈಹಾಕುವವರು ಮೊದಲ ದಿನವೇ ಬರೆದಿಟ್ಟುಕೊಳ್ಳಬೇಕಾದ ಪ್ರಶ್ನೆಗಳಿವೆ. ನಿಮ್ಮ ಚಟುವಟಿಕೆ ಸಂವಿಧಾನದ ಯಾವ ಪಟ್ಟಿಯ ಯಾವ ನಮೂದಿಗೆ ಬರುತ್ತದೆ? ನಿಮ್ಮ ಅನುಮತಿ ಶಾಸನದಿಂದ ಬಂದದ್ದೋ, ಶಾಸನ ಸುಮ್ಮನಿರುವುದರಿಂದ ಬಂದದ್ದೋ? ತೆರಿಗೆ ನಿಮ್ಮ ಗಳಿಕೆಯ ಮೇಲೋ, ಕೈದಾಟುವ ಪೂರ್ತಿ ಮೊತ್ತದ ಮೇಲೋ? ಎರಡನೆಯದಾದರೆ ಎಷ್ಟು ಸುತ್ತಿಗೆ ಅಸಲು ಹುಟ್ಟುತ್ತದೆ? ಪಾವತಿ ಗೇಟ್‌ವೇ ಒಂದು ದಿನದ ನೋಟಿಸಿನಲ್ಲಿ ಕೈಬಿಟ್ಟರೆ ಎಷ್ಟು ತಿಂಗಳ ಸಂಬಳಕ್ಕೆ ಹಣವಿದೆ? ಹಣದ ಸ್ಪರ್ಧೆ ಇಲ್ಲದೆ ಬದುಕುವ ಇನ್ನೊಂದು ವ್ಯವಹಾರ ಇದೆಯೇ? ಡ್ರೀಮ್ ಸ್ಪೋರ್ಟ್ಸ್‌ಗೆ ಪ್ರಸಾರದ ಫ್ಯಾನ್‌ಕೋಡ್ ಇತ್ತು, ಆದರೆ ಆದಾಯದ ಬಹುಪಾಲು ಬರುತ್ತಿದ್ದುದು ಹಣದ ಸ್ಪರ್ಧೆಯಿಂದಲೇ. ಹಳೆಯ ವರ್ಷಗಳ ಜಿಎಸ್‌ಟಿ ನೋಟಿಸುಗಳಂತೂ ಅಂಗಡಿ ಮುಚ್ಚಿದ ಮಾತ್ರಕ್ಕೆ ಹೋಗುವಂಥವಲ್ಲ. ನಿಷೇಧ ಬಂದದ್ದು 2025ರಲ್ಲಿ, ತೆರಿಗೆ ಕೇಳುತ್ತಿರುವುದು ಆಟ ಕಾನೂನುಬದ್ಧವಾಗಿದ್ದ ಕಾಲಕ್ಕೆ.